ಓಮಿಮ್: ನೋವಿನ ವಂಶವಾಹಿಯೊಂದರ ಪುಟ ಹಿಡಿದು ಒಂದು ಪರಿಶೀಲನೆ

ಮಾನವ ವಂಶವಾಹಿಗಳು ಮತ್ತು ಆನುವಂಶಿಕ ಕಾಯಿಲೆಗಳ ಕುರಿತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ನಡೆಸುತ್ತಿರುವ ಓಮಿಮ್ ಜಾಲತಾಣವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ತಳಿವಿಜ್ಞಾನಿ ವಿಕ್ಟರ್ ಮೆಕ್ಯೂಸಿಕ್ 1966ರಲ್ಲಿ ಪುಸ್ತಕರೂಪದಲ್ಲಿ ಆರಂಭಿಸಿದ ಈ ಕೋಶ 1987ರಿಂದ ಗಣಕಜಾಲದಲ್ಲಿದೆ. ಅದರ ಗುಣದೋಷಗಳನ್ನು ಅಳೆಯಲು ಎನ್‌ಟಿಆರ್‌ಕೆ1 ಎಂಬ ಒಂದು ವಂಶವಾಹಿಯ ಪುಟ ಸಾಕು.

ಒಂದನೇ ವರ್ಣತಂತುವಿನಲ್ಲಿರುವ ಈ ವಂಶವಾಹಿಯಿಂದ ತಯಾರಾಗುವ, ಹೊರಗಿನ ಸಂಕೇತವನ್ನು ಹಿಡಿಯುವ ಗ್ರಾಹಕ ಪ್ರೋಟೀನು ನರಕೋಶದ ಪೊರೆಯಲ್ಲಿ ನೆಲೆಸಿರುತ್ತದೆ. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ತಂದುಕೊಟ್ಟ ಸಂಶೋಧನೆಗಳಲ್ಲೊಂದಾದ ‘ನರ ಬೆಳವಣಿಗೆಯ ಅಂಶ’ ಎಂಬ ಪ್ರೋಟೀನು ಬಂದು ಕೂಡಿದಾಗ, ಎರಡು ಗ್ರಾಹಕಗಳು ಜೋಡಿಯಾಗಿ ಒಂದಕ್ಕೊಂದು ಫಾಸ್ಫೇಟ್ ಸೇರಿಸುತ್ತವೆ; ಅಲ್ಲಿಂದ ಒಳಗೆ ಸಾಗುವ ಸಂಕೇತವೇ ನೋವನ್ನೂ ಬಿಸಿ-ತಂಪನ್ನೂ ಗ್ರಹಿಸಬೇಕಾದ ನರಕೋಶಗಳನ್ನು ಭ್ರೂಣದಲ್ಲಿ ಬದುಕಿಸಿಕೊಳ್ಳುತ್ತದೆ.

ಓಮಿಮ್‌ನಲ್ಲಿ ವಂಶವಾಹಿಗೆ ನಕ್ಷತ್ರ ಚಿಹ್ನೆಯ 191315, ಅದು ಕೆಟ್ಟಾಗ ಬರುವ ಕಾಯಿಲೆಗೆ ಹ್ಯಾಶ್ ಚಿಹ್ನೆಯ 256800 ಎಂದು ಬೇರೆ ಬೇರೆ ಪುಟಗಳಿವೆ. ಹೊಸಬರು ತಡವರಿಸುವುದು ಇಲ್ಲೇ, ಆದರೆ ಈ ವಿಂಗಡಣೆಯೇ ತಾಣದ ನಿಜವಾದ ಬಲ ಎಂಬುದು ನನ್ನ ಅಭಿಪ್ರಾಯ. ನೋವೇ ತಿಳಿಯದ, ಬೆವರದ, ಸೆಕೆಗೆ ಜ್ವರವೇರುವ, ತನ್ನ ನಾಲಿಗೆ ಮತ್ತು ಬೆರಳ ತುದಿಗಳನ್ನೇ ಕಚ್ಚಿಕೊಳ್ಳುವ ಮಗುವಿನ ಲಕ್ಷಣಗಳು ಕಾಯಿಲೆಯ ಪುಟದಲ್ಲಿ ಅಂಗಾಂಗವಾರು ಪಟ್ಟಿಯಲ್ಲಿ ದೊರೆಯುತ್ತವೆ. ಜಪಾನಿನ ಇಂದೋ ಮತ್ತು ಸಂಗಡಿಗರು 1996ರಲ್ಲಿ ಇದಕ್ಕೆ ಎನ್‌ಟಿಆರ್‌ಕೆ1 ದೋಷವೇ ಕಾರಣವೆಂದು ತೋರಿಸಿದ ಬಗೆಯನ್ನೂ ಮೂಲ ಲೇಖನದವರೆಗೆ ಹಿಂಬಾಲಿಸಬಹುದು.

ಕೊರತೆಯೆಂದರೆ ಬರವಣಿಗೆ. ಹೊಸ ಸಂಶೋಧನೆ ಬಂದಂತೆಲ್ಲ ಹಳೆಯದರ ಕೆಳಗೆ ಪರಿಚ್ಛೇದಗಳು ಸೇರುತ್ತಾ ಹೋಗುವುದರಿಂದ, ಇಂದಿನ ತಿಳಿವಳಿಕೆ ಏನು ಎಂಬುದನ್ನು ಓದುಗನೇ ಹೆಕ್ಕಿಕೊಳ್ಳಬೇಕು. ತಾಣವಿರುವುದು ವೈದ್ಯರಿಗೆ ಮತ್ತು ತಳಿವಿಜ್ಞಾನಿಗಳಿಗೆ, ಅದನ್ನು ಅದೇ ಹೇಳಿಕೊಳ್ಳುತ್ತದೆ ಕೂಡ. ಹೀಗಿರುವಾಗ ಪರೀಕ್ಷಾ ವರದಿ ಹಿಡಿದು ಕಂಗಾಲಾದ ತಂದೆತಾಯಿಯನ್ನು ನೇರವಾಗಿ ಇಲ್ಲಿಗೆ ಕಳಿಸುವುದು ಸರಿಯಲ್ಲ. ಈ ಕಾಯಿಲೆ ಬರಬೇಕಾದರೆ ತಂದೆ-ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬರಬೇಕು; ಹತ್ತಿರದ ಸಂಬಂಧಿಗಳಲ್ಲಿ ಇಬ್ಬರಲ್ಲೂ ಅದೇ ದೋಷವಿರುವ ಸಾಧ್ಯತೆ ಹೆಚ್ಚು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇರುವ ನಮ್ಮ ಕಡೆ ಅಂಥ ಕುಟುಂಬಕ್ಕೆ ಮೊದಲು ಬೇಕಾಗುವುದು ಆನುವಂಶಿಕ ಸಲಹೆಗಾರರ ಮಾತು, ಓದಲು ಜನಸಾಮಾನ್ಯರಿಗಾಗಿರುವ ಆರೋಗ್ಯ ಮಾಹಿತಿ ತಾಣ ಮೆಡ್‌ಲೈನ್‌ಪ್ಲಸ್‌ನ ಸರಳ ಇಂಗ್ಲಿಷಿನ ಪುಟ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗಾದರೆ ಓಮಿಮ್ ಅನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ.