‘ಫಾರ್ ಗುಡ್’ ಮುಂದೆ ಎಡವಿದ ನುಡಿಗಟ್ಟುಗಳ ಆ್ಯಪ್

ಇಂಗ್ಲಿಷ್ ನುಡಿಗಟ್ಟುಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಮೊಬೈಲ್ ಆ್ಯಪ್ ಒಂದನ್ನು ಮೂರು ತಿಂಗಳಿನಿಂದ ಬಳಸುತ್ತಿದ್ದೇನೆ. ಇಂಥವುಗಳ ಯೋಗ್ಯತೆಯನ್ನು ನಮೂದುಗಳ ಸಂಖ್ಯೆಯಿಂದ ಅಳೆಯದೆ, ಯಾವುದಾದರೂ ಒಂದು ನಮೂದನ್ನು ಪೂರ್ತಿ ಓದಿ ನೋಡುವುದು ನನ್ನ ರೂಢಿ. ಅದಕ್ಕೆಂದು ಕಾಲಾವಧಿಯನ್ನು ಸೂಚಿಸುವ ‘ಫಾರ್ ಗುಡ್’ (ಮತ್ತೆ ಮೊದಲಿನಂತಾಗದ ಹಾಗೆ, ಕಾಯಂ ಆಗಿ) ಎಂಬುದನ್ನು ಆರಿಸಿಕೊಂಡೆ. ಅದರ ಎರಡು ಪದಗಳಲ್ಲಿ ಒಂದರಲ್ಲೂ ಕಾಲದ ಸುಳಿವಿಲ್ಲದಿರುವುದರಿಂದ ನಿಘಂಟುಕಾರನ ಪರೀಕ್ಷೆಗೆ ಅದು ತಕ್ಕದ್ದು.

‘ಹಿ ಲೆಫ್ಟ್ ಫಾರ್ ಗುಡ್’ ಎಂಬ ವಾಕ್ಯವನ್ನು ‘ಅವನು ಹೋದದ್ದು ಒಳ್ಳೆಯದಕ್ಕೇ’ ಎಂದು ಓದಿಕೊಳ್ಳುವ ಅಪಾಯವಿದೆಯೆಂದು ಆ್ಯಪ್ ಮೊದಲ ಸಾಲಿನಲ್ಲಿಯೇ ಎಚ್ಚರಿಸುತ್ತದೆ. ಇದು ಮೆಚ್ಚತಕ್ಕ ಮಾತು. 16ನೆಯ ಶತಮಾನದಿಂದ ಬಳಕೆಯಲ್ಲಿರುವ ‘ಫಾರ್ ಗುಡ್ ಅಂಡ್ ಆಲ್’ ಎಂಬ ಉದ್ದನೆಯ ರೂಪವನ್ನೂ ಅದು ಉಲ್ಲೇಖಿಸುತ್ತದೆ.

ತೊಡಕು ಆರಂಭವಾಗುವುದು ಅರ್ಥವನ್ನು ‘ಶಾಶ್ವತವಾಗಿ, ಎಂದೆಂದಿಗೂ’ ಎಂದು ಕೊಟ್ಟು, ‘ಫಾರೆವರ್’ ಇದ್ದಲ್ಲೆಲ್ಲ ಇದನ್ನು ಬಳಸಬಹುದೆಂದು ಹೇಳುವಲ್ಲಿ. ಉದಾಹರಣೆಯಾಗಿ ಕೊಟ್ಟಿರುವ ‘ಐ ವಿಲ್ ಲವ್ ಯು ಫಾರ್ ಗುಡ್’ ಎಂಬ ವಾಕ್ಯ ಇಂಗ್ಲಿಷ್ ಬಲ್ಲವರ ಕಿವಿಗೆ ಒಗ್ಗುವುದಿಲ್ಲ. ಹೋಗುವುದು, ಬಿಡುವುದು, ಮುಚ್ಚುವುದು, ನಿಲ್ಲಿಸುವುದು, ಮರಳಿ ಬರುವುದು ಮೊದಲಾಗಿ, ಇದ್ದ ಸ್ಥಿತಿಯೊಂದು ಬದಲಾಗಿ ಆ ಬದಲಾವಣೆ ಇನ್ನು ಹಿಂದಕ್ಕೆ ಸರಿಯದು ಎನ್ನುವಂಥ ಕ್ರಿಯೆಗಳೊಂದಿಗೆ ಈ ನುಡಿಗಟ್ಟು ಸಹಜವಾಗಿ ಕೂಡುತ್ತದೆ. ಪ್ರೀತಿಸುವುದು, ನೆನೆಯುವುದು ಮುಂತಾದ, ಸುಮ್ಮನೆ ಮುಂದುವರಿಯುವ ಭಾವಗಳೊಂದಿಗೆ ಕೂಡುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕುವುದೂ ವ್ಯರ್ಥವೆಂದು ನನಗೆ ತೋರುತ್ತದೆ. ‘ಅಂಗಡಿ ಮುಚ್ಚಿದರು’ ಎಂಬುದಕ್ಕೂ ‘ಅಂಗಡಿ ಮುಚ್ಚಿಯೇಬಿಟ್ಟರು’ ಎಂಬುದಕ್ಕೂ ಇರುವ ಅಂತರವನ್ನು ನಾವು ಬಹುಮಟ್ಟಿಗೆ ಕ್ರಿಯಾಪದದಲ್ಲಿಯೇ ತೋರಿಸುತ್ತೇವೆ. ‘ಆರ್ ಯು ಬ್ಯಾಕ್ ಫಾರ್ ಗುಡ್?’ ಎಂಬ ಪ್ರಶ್ನೆಗೆ ಆ್ಯಪ್ ಕೊಡುವ ‘ನೀವು ಶಾಶ್ವತವಾಗಿ ಮರಳಿದ್ದೀರಾ?’ ಎಂಬ ಅನುವಾದವನ್ನು ಯಾರೂ ಆಡುವುದಿಲ್ಲ. ‘ಇನ್ನು ಇಲ್ಲೇ ಇರುತ್ತೀರಾ?’ ಎಂದರೆ ಸಾಕು.

ಅಭ್ಯಾಸದ ಭಾಗದಲ್ಲಿ ಇನ್ನೊಂದು ಲೋಪವಿದೆ. ‘ಕಾರ್ಖಾನೆ ಮುಚ್ಚಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯದ ಕೊನೆಗೆ ‘ಫಾರ್ ಗುಡ್’ ಮತ್ತು ‘ಫಾರ್ ದ ಟೈಮ್ ಬೀಯಿಂಗ್’ ಎರಡರಲ್ಲಿ ಸರಿಯಾದುದನ್ನು ಆರಿಸಬೇಕು. ಎರಡನೆಯದಕ್ಕೆ ‘ಸದ್ಯಕ್ಕೆ’ ಎಂದರ್ಥ. ಕಾರ್ಖಾನೆ ಮತ್ತೆ ತೆರೆಯುವುದೋ ಇಲ್ಲವೋ ಎಂಬ ಸಂದರ್ಭವನ್ನೇ ಹೇಳದಿದ್ದಾಗ ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿಯೇ. ಆದರೂ ಆ್ಯಪ್ ಎರಡನೆಯದಕ್ಕೆ ಕೆಂಪು ಗುರುತು ಹಾಕುತ್ತದೆ.

ಅಕ್ಷರಗಳ ಗಾತ್ರ, ಹುಡುಕಾಟದ ವೇಗ ಎರಡೂ ಚೆನ್ನಾಗಿವೆ. ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ ಜಾಹೀರಾತುಗಳಿಲ್ಲ, ಆದರೆ ಉದಾಹರಣೆಗಳು ಅವೇ. ಆದ್ದರಿಂದ ಅವನ್ನು ತಿದ್ದುವವರೆಗೆ ಉಚಿತ ಆವೃತ್ತಿಯೇ ಸಾಕು.