ಗಾಜಿನ ಸಜ್ಜಾಗೆ ಬರೀ ಅಂಟು ಸಾಕು ಅಂದರೆ ಒಪ್ಪಬೇಡಿ

ಮನೆ ಬಾಗಿಲ ಮೇಲೆ ಗಾಜಿನ ಸಜ್ಜಾ ಹಾಕಿಸುವ ಯೋಚನೆ ಇದ್ದರೆ, ಇದನ್ನು ಓದಿ ಆಮೇಲೆ ಅಡ್ವಾನ್ಸ್ ಕೊಡಿ.

ಬೆಂಗಳೂರಿನ ನಮ್ಮ ಮನೆಗೆ ಗ್ಲಾಸ್ ಕೆಲಸದವರು ಹಾಕಿದ್ದು ಲ್ಯಾಮಿನೇಟೆಡ್ ಗಾಜು, ಅಂದರೆ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಜೋಡಿಸಿದ ಗಾಜು. ಗೋಡೆಯಿಂದ ಚಾಚಿದ ಎರಡು ಗಾಜಿನ ಪಟ್ಟಿಗಳ ಕೆಳಗೆ ಅದನ್ನು ಪಾರದರ್ಶಕ ಸಿಲಿಕಾನ್‌ನಿಂದ ಅಂಟಿಸಿ ತೂಗುಬಿಟ್ಟಿದ್ದರು. ಬೋಲ್ಟ್ ಇಲ್ಲ, ಕ್ಲಾಂಪ್ ಇಲ್ಲ. "ಸರ್, ಫಿಶ್ ಟ್ಯಾಂಕೇ ಇದರಲ್ಲಿ ನಿಲ್ಲುತ್ತೆ, ಇದೇನು ಮಹಾ" ಅಂತ ಭರವಸೆ ಬೇರೆ. ನೋಡೋಕೆ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅಂಚೆಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ಏಣಿ ಹತ್ತಿ ನೋಡಿದರೆ ಒಂದು ಮೂಲೆಯಲ್ಲಿ ಅಂಟು ಗಾಜನ್ನು ಬಿಟ್ಟಿತ್ತು. ವಿಸಿಟಿಂಗ್ ಕಾರ್ಡ್ ಸಲೀಸಾಗಿ ಒಳಗೆ ಹೋಯಿತು. ಕೆಳಗೆ ಮಕ್ಕಳು ಚಪ್ಪಲಿ ಬಿಡುವ ಜಾಗ! ಅವತ್ತೇ ಇಳಿಸಿದೆವು.

ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಅದು. ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಲ್ಯಾಮಿನೇಟೆಡ್ ಗಾಜಿನ ನಡುವಿನ ಪ್ಲಾಸ್ಟಿಕ್ ಪದರಕ್ಕೆ ಅದು ಆಗಿಬರಲ್ಲ, ತೇವವೂ ಆಗಿಬರಲ್ಲ. ಫಿಶ್ ಟ್ಯಾಂಕ್ ಕಥೆ ಬೇರೆಯೇ. ಅದರ ಭಾರ ಸ್ಟ್ಯಾಂಡ್ ಮೇಲೆ ಕೂತಿರುತ್ತದೆ, ಬಿಸಿಲೂ ಬೀಳಲ್ಲ.

ಕಟ್ಟಡಗಳಿಗೆಂದೇ ಮಾಡಿದ ಸ್ಟ್ರಕ್ಚರಲ್ ಸಿಲಿಕಾನ್‌ಗೂ ಮಿತಿ ಇದೆ. ಗಾಳಿಯ ಹೊಡೆತಕ್ಕೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು 0.14 ಮೆಗಾಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1.4 ಕಿಲೋ. ಸದಾ ನೇತಾಡುವ ಭಾರಕ್ಕಾದರೆ 0.007, ಸುಮಾರು 70 ಗ್ರಾಂ ಅಷ್ಟೇ! ಅಂಗಡಿಯಲ್ಲಿ ಒಂದು ಕ್ಷಣ ಎಳೆದು ತೋರಿಸಿದರೆ ಇದು ಗೊತ್ತಾಗಲ್ಲ, ಅಲ್ವಾ?

ಆಮೇಲೆ ಅವರೇ ಬಂದು "ಹಾಗಾದ್ರೆ ಯುವಿ ಗಮ್ ಹಾಕೋಣ" ಅಂದರು. ಆ ಗಮ್ ಗಟ್ಟಿಯಾಗಲು ನೇರಳಾತೀತ ಬೆಳಕು ಬೇಕು. ಲ್ಯಾಮಿನೇಟೆಡ್ ಗಾಜಿನ ಪದರ ಅದನ್ನೇ ಬಹುಪಾಲು ತಡೆಯುತ್ತದೆ. ಗಾಜಿನ ಆಚೆಯಿಂದ ಲೈಟ್ ಹಿಡಿದರೆ ಒಳಗೆ ಹಸಿಯಾಗೇ ಉಳಿಯಬಹುದು.

ಪಾರದರ್ಶಕ ಅಂಟಿನಿಂದ ಕಟ್ಟಲು ಆಗಲ್ಲ ಅಂತಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಕ್ರಿಸ್ಟಲ್ ಹೌಸಸ್ ಅನ್ನೋ ಅಂಗಡಿ ಕಟ್ಟಡದ ಮುಂಭಾಗವನ್ನು 2016ರಲ್ಲಿ ಗಾಜಿನ ಇಟ್ಟಿಗೆ, ಯುವಿ ಅಂಟಿನಿಂದಲೇ ಕಟ್ಟಿದರು. ಆದರೆ ಅದಕ್ಕೆ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ನಡೆದಿತ್ತು. ಅಂಟಿನ ಪದರ 0.3 ಮಿಲಿಮೀಟರ್‌ಗಿಂತ ತೆಳು. ಇಟ್ಟಿಗೆಗಳು ಒಂದರ ಮೇಲೊಂದು ಕೂತಿವೆ, ನೇತಾಡುತ್ತಿಲ್ಲ.

ಈಗ ನಮ್ಮಲ್ಲಿ ಭಾರವೆಲ್ಲ ಸ್ಟೀಲ್ ಬ್ರಾಕೆಟ್ ಮೇಲಿದೆ, ಸಿಲಿಕಾನ್ ನೀರು ತಡೆಯಲು ಮಾತ್ರ. ಬೋಲ್ಟ್ ಕಾಣುತ್ತೆ, ಕಾಣಲಿ. ಹಳೆಯ ಕೆಲಸದ ದುಡ್ಡು ವಾಪಸ್ ಬರಲಿಲ್ಲ. ಬಿಲ್‌ನಲ್ಲಿ ಸುಮ್ನೆ "ಗಮ್" ಅಂತಿತ್ತು. ನೀವು ಅಂಟಿನ ಪೂರ್ತಿ ಹೆಸರು, ಭಾರದ ಲೆಕ್ಕ ಹಾಕಿದ ಎಂಜಿನಿಯರ್ ಸಹಿ, ಎರಡನ್ನೂ ಮೊದಲೇ ಬರೆಸಿಕೊಳ್ಳಿ.