ಸೀಸೆಯ ಬೆಲೆಯೋ, ತಿಂಗಳ ಖರ್ಚೋ: ಗ್ಲಾಕೋಮಾ ಹನಿಗಳ ಹೋಲಿಕೆ

ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಕಾಯಿಲೆಯಾದ ಗ್ಲಾಕೋಮಾದಲ್ಲಿ ಒಮ್ಮೆ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದಿರುವುದನ್ನು ಕಾಪಾಡಿಕೊಳ್ಳುವುದಕ್ಕಾಗಿ ಆ ಒತ್ತಡವನ್ನು ಇಳಿಸುವ ಹನಿಯನ್ನು ದಿನವೂ, ಸಾಮಾನ್ಯವಾಗಿ ಜೀವನಪರ್ಯಂತ ಬಿಡಬೇಕಾಗುತ್ತದೆ. ಹಾಗಾಗಿ ಸೀಸೆಯ ಮೇಲೆ ಮುದ್ರಿಸಿರುವ ಬೆಲೆಗಿಂತ ಆ ಸೀಸೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಮುಖ್ಯ. ವೈದ್ಯರ ಚೀಟಿಯಂತೆ ದಾವಣಗೆರೆಯ ಅಂಗಡಿಗಳಲ್ಲಿ ಕೊಂಡು ನಾನು ಒಂದಾದ ಮೇಲೊಂದರಂತೆ ಬಳಸಿದ ಮೂರು ಹನಿಗಳಲ್ಲಿ, ಫ್ರಿಜ್ಜಿನಲ್ಲಿ ಇಡಬೇಕಾದ ಸಾಮಾನ್ಯ ಲ್ಯಾಟನೊಪ್ರೋಸ್ಟ್ ನನಗೆ ಎಲ್ಲ ರೀತಿಯಿಂದಲೂ ಒಗ್ಗಿದೆ. ಉಳಿದೆರಡು ಯಾಕೆ ಒಗ್ಗಲಿಲ್ಲ ಎಂಬುದನ್ನು ಹೇಳಿದರೆ ಇಂಥದೇ ಚೀಟಿ ಹಿಡಿದು ಅಂಗಡಿಗೆ ಹೋಗುವವರಿಗೆ ಅನುಕೂಲವಾದೀತು.

ಬೆಲೆಯೊಂದನ್ನೇ ನೋಡಿದರೆ ಟಿಮೊಲಾಲ್‌ಗೆ ಸಾಟಿಯಿಲ್ಲ. 5 ಮಿ.ಲೀ. ಸೀಸೆ 100 ರೂಪಾಯಿಯೊಳಗೆ ಸಿಕ್ಕಿತು; ಎರಡೂ ಕಣ್ಣಿಗೆ ಬೆಳಿಗ್ಗೆ, ಸಂಜೆ ಬಿಟ್ಟರೂ ತಿಂಗಳ ತನಕ ಬಂತು. ದಿನಕ್ಕೆ ಮೂರು ರೂಪಾಯಿ ಚಿಲ್ಲರೆ ಎಂದರೆ ಯಾರ ಕೈಗೂ ಎಟುಕುವ ಖರ್ಚೇ. ಆದರೆ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನಗೆ ಮೆಕ್ಕೆಜೋಳದ ಆವಕ ಏರಿದ ದಿನಗಳಲ್ಲಿ ಬೆಳಗಿನ ಹೊತ್ತು ನನ್ನದಾಗಿರುವುದಿಲ್ಲ. ದಿನಕ್ಕೆ ಎರಡು ಬಾರಿ ಎಂಬ ಕಟ್ಟಳೆಯನ್ನು ವರ್ಷವಿಡೀ ನಡೆಸಿಕೊಂಡು ಹೋಗುವುದು ಇಂಥ ಉದ್ಯೋಗದಲ್ಲಿ ಕಷ್ಟ ಎಂದು ವೈದ್ಯರಿಗೆ ತಿಳಿಸಿದ ಮೇಲೆ ಅವರೇ ಔಷಧವನ್ನು ಬದಲಿಸಿದರು. ಟಿಮೊಲಾಲ್ ಕಣ್ಣಿನಿಂದ ರಕ್ತಕ್ಕೂ ಇಳಿದು ನಾಡಿಬಡಿತವನ್ನು ನಿಧಾನಗೊಳಿಸಬಲ್ಲದು. ಉಬ್ಬಸ ಇರುವವರಿಗೆ ಅದು ಅಪಾಯಕಾರಿ. ಚಿತ್ರದುರ್ಗದಲ್ಲಿರುವ ನಮ್ಮಕ್ಕನಿಗೂ ಇದೇ ಕಾಯಿಲೆ ಇದೆ. ಇದು ಒಡಹುಟ್ಟಿದವರಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚಾದ್ದರಿಂದ ನನ್ನ ತಪಾಸಣೆಯ ಬೆನ್ನಿಗೇ ಅವಳನ್ನೂ ತೋರಿಸಿದೆವು. ಅವಳಿಗೆ ಉಬ್ಬಸವಿರುವುದರಿಂದ ಟಿಮೊಲಾಲ್‌ನ ಮಾತೇ ಬರಲಿಲ್ಲ. ಹಳೆಯ ಉಬ್ಬಸವಿದ್ದರೂ ಅದನ್ನು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಬೇಕು.

ಲ್ಯಾಟನೊಪ್ರೋಸ್ಟ್ ರಾತ್ರಿ ಒಂದೇ ಹೊತ್ತು. ಊಟ ಮುಗಿಸಿ ಮಲಗುವ ಮುಂಚೆ ಬಿಟ್ಟರೆ ಮುಗಿಯಿತು. ನಾನು ಕೊಳ್ಳುವ 2.5 ಮಿ.ಲೀ.ನ ಪುಟ್ಟ ಸೀಸೆಗೆ 300 ರೂಪಾಯಿಯ ಆಸುಪಾಸು ಆಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಇದು ಸೇರಿದೆ. ಆ ಪಟ್ಟಿಯ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆಯನ್ನು ನಿಗದಿಪಡಿಸುತ್ತದೆ. ನನ್ನಂಥ ತಿಂಗಳ ಸಂಬಳದವರಿಗೆ ಇದು ದೊಡ್ಡ ಆಸರೆ.

ಮೂರನೆಯದು ಸಂರಕ್ಷಕ ಬೆರೆಸದ ಲ್ಯಾಟನೊಪ್ರೋಸ್ಟ್. ಒಳಗಿರುವ ಔಷಧ ಅದೇ, ಪ್ರಮಾಣವೂ ಅದೇ. ಸೂಕ್ಷ್ಮಾಣುಗಳು ಬೆಳೆಯದಂತೆ ಸಾಮಾನ್ಯ ಸೀಸೆಯಲ್ಲಿ ಬೆರೆಸಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಇದರಲ್ಲಿಲ್ಲ, ಫ್ರಿಜ್ಜಿನ ಹಂಗೂ ಇಲ್ಲ. ಬೆಲೆ ಮಾತ್ರ ಹತ್ತಿರಹತ್ತಿರ ದುಪ್ಪಟ್ಟು; ನನಗೆ 550 ರೂಪಾಯಿ ಬಿತ್ತು. ಬೇಸಿಗೆಯಲ್ಲಿ ಕರೆಂಟು ಹೋಗುವ ಊರಿನಲ್ಲಿ ಫ್ರಿಜ್ಜಿನ ಚಿಂತೆಯಿಲ್ಲದ ಔಷಧ ಒಳ್ಳೆಯದೆಂದು ಎಣಿಸಿ ಅದನ್ನು ಬರೆಸಿಕೊಂಡಿದ್ದೆ.

ತೊಡಕು ಬಂದದ್ದು ಔಷಧದಲ್ಲಲ್ಲ, ಸೀಸೆಯಲ್ಲಿ. ಸಂರಕ್ಷಕವಿಲ್ಲದ ಹನಿಯೊಳಗೆ ಸೂಕ್ಷ್ಮಾಣುಗಳು ಸೇರದಂತೆ ಸೀಸೆಯ ಮೂತಿಯಲ್ಲೇ ಏರ್ಪಾಡು ಇರುತ್ತದೆ, ಅದರಿಂದಾಗಿ ಅದನ್ನು ಅದುಮಲು ಹೆಚ್ಚು ಬಲ ಬೇಕು. ಅಂಗಾತ ಮಲಗಿ, ಎಡಗೈಯಿಂದ ಕೆಳರೆಪ್ಪೆಯನ್ನು ಎಳೆದು ಹಿಡಿದು, ಬಲಗೈ ಹೆಬ್ಬೆರಳಿನಿಂದ ಅದುಮಿದರೆ ಮೊದಲು ಏನೂ ಬರುತ್ತಿರಲಿಲ್ಲ. ಇನ್ನಷ್ಟು ಬಲ ಹಾಕುವಾಗ ಕೈ ನಡುಗಿ, ಮೂತಿ ಕಣ್ಣಿನಿಂದ ಓರೆಯಾಗಿ, ಒಂದು ಹನಿ ರೆಪ್ಪೆಯ ಮೇಲೆ ಬಿದ್ದು ಮತ್ತೊಂದು ಕೆನ್ನೆಯ ಮೇಲಿಂದ ಕಿವಿಯ ಕಡೆಗೆ ಹರಿಯುತ್ತಿತ್ತು. ಒಳಗೆ ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಮತ್ತೊಂದು ಹನಿ ಬಿಡಲೇಬೇಕಾಗುತ್ತಿತ್ತು.

ಕಣ್ಣು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಒಂದು ಹನಿಗಿಂತಲೂ ಕಡಿಮೆ. ಎರಡನೆಯದು ಬಿದ್ದರೂ ಹೊರಕ್ಕೆ ಹರಿಯುತ್ತದೆಯೇ ಹೊರತು ಒತ್ತಡವನ್ನೇನೂ ಹೆಚ್ಚು ಇಳಿಸುವುದಿಲ್ಲ. 2.5 ಮಿ.ಲೀ. ಸೀಸೆಯಲ್ಲಿ ಅಂದಾಜು 80 ಹನಿಗಳಿರುತ್ತವೆ. ಕಣ್ಣಿಗೊಂದರಂತೆ ರಾತ್ರಿಗೆ ಎರಡು ಹನಿ ಹಿಡಿದರೆ ತಿಂಗಳು ಕಳೆದರೂ ಮಿಗುತ್ತದೆ. ನಾಲ್ಕು ಹನಿ ಖರ್ಚಾದರೆ ಇಪ್ಪತ್ತು ದಿನಕ್ಕೆ ಸೀಸೆ ಖಾಲಿ. ಆಗ 550 ರೂಪಾಯಿಯ ಸೀಸೆ ದಿನಕ್ಕೆ 27 ರೂಪಾಯಿ ದಾಟುತ್ತದೆ, ತಿಂಗಳು ಪೂರ್ತಿ ಬರುವ 300 ರೂಪಾಯಿಯದು ಹತ್ತರಲ್ಲೇ ನಿಲ್ಲುತ್ತದೆ. ಅಂಗಡಿಯ ಗಲ್ಲೆಯ ಮುಂದೆ ದುಪ್ಪಟ್ಟಾಗಿ ಕಂಡ ವ್ಯತ್ಯಾಸ ಮನೆಗೆ ಬಂದ ಮೇಲೆ ಎರಡೂವರೆ ಪಟ್ಟು ಮೀರಿತು. ಇದಕ್ಕಿಂತ ದೊಡ್ಡ ಸಂಕಟವೆಂದರೆ ತಿಂಗಳು ತುಂಬುವ ಮೊದಲೇ ಸೀಸೆ ಬರಿದಾಗುವುದು. ಸಂಬಳಕ್ಕೆ ಇನ್ನೂ ವಾರವಿರುವಾಗ ಹನಿ ಮುಗಿದರೆ ಎಷ್ಟೋ ಮನೆಗಳಲ್ಲಿ ಆ ವಾರ ಕಣ್ಣು ಔಷಧವಿಲ್ಲದೆಯೇ ಕಳೆಯುತ್ತದೆ. ಸಾಮಾನ್ಯವಾಗಿ ನೋವಿಲ್ಲದ ಕಾಯಿಲೆಯಾದ್ದರಿಂದ ಆ ವಾರದ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ.

ಸಾಮಾನ್ಯ ಸೀಸೆ ಮೆತ್ತಗಿದೆ, ಹಗುರವಾಗಿ ಒತ್ತಿದರೆ ಒಂದೇ ಹನಿ ಬೀಳುತ್ತದೆ. ನಾನು ಹೊರೆಯೆಂದುಕೊಂಡಿದ್ದ ಫ್ರಿಜ್ಜೇ ಇಲ್ಲಿ ನೆರವಿಗೆ ಬಂತು. ತಣ್ಣಗಿನ ಹನಿ ಒಳಗೆ ಬಿದ್ದ ಕ್ಷಣವೇ ಕಣ್ಣಿಗೆ ಗೊತ್ತಾಗುತ್ತದೆ, ಅನುಮಾನಕ್ಕೆ ಎಡೆಯಿರುವುದಿಲ್ಲ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ತೆರೆದ ಮೇಲೆ 25 ಡಿಗ್ರಿಯೊಳಗೆ ಹೊರಗಿಡಬಹುದು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಯಾವ ಕೋಣೆಯೂ ಅಷ್ಟು ತಂಪಾಗಿರುವುದಿಲ್ಲವಾದ್ದರಿಂದ ತೆರೆದ ಸೀಸೆಯನ್ನೂ ಫ್ರಿಜ್ಜಿನ ಬಾಗಿಲಲ್ಲೇ ಇಡುತ್ತೇನೆ, ರಟ್ಟಿನ ಡಬ್ಬಿಯ ಮೇಲೆ ತೆರೆದ ತಾರೀಖನ್ನು ಪೆನ್ನಿನಲ್ಲಿ ಬರೆಯುತ್ತೇನೆ. ಕೊಳ್ಳುವಾಗಲೂ ಅಂಗಡಿಯವರು ಸೀಸೆಯನ್ನು ಫ್ರಿಜ್ಜಿನಿಂದ ತೆಗೆಯುತ್ತಾರೋ ಕಪಾಟಿನಿಂದ ತೆಗೆಯುತ್ತಾರೋ ನೋಡಬೇಕು. ಒಮ್ಮೆ ರಿಯಾಯಿತಿಯ ಆಸೆಗೆ ಮೊಬೈಲಿನಲ್ಲಿ ತರಿಸಿದ ಸೀಸೆ ಬಿಸಿಲಿನಲ್ಲಿ ಬೆಚ್ಚಗಾಗಿ ಕೈಸೇರಿತು, ವಾಪಸು ಕಳುಹಿಸಿದೆ. ಅಂದಿನಿಂದ ಮನೆಯ ಹತ್ತಿರದ ಅಂಗಡಿಯೇ ಗತಿ.

ಗುಣದ ವಿಷಯದಲ್ಲಿ ನನ್ನ ಮಟ್ಟಿಗೆ ಎರಡು ಲ್ಯಾಟನೊಪ್ರೋಸ್ಟ್‌ಗಳಿಗೂ ಭೇದ ಕಾಣಲಿಲ್ಲ. ಔಷಧಕ್ಕೆ ಮುಂಚೆ 26 ಮಿ.ಮೀ. ಪಾದರಸದಷ್ಟಿದ್ದ ಕಣ್ಣಿನ ಒತ್ತಡ ಎರಡರಲ್ಲೂ 17, 18ರ ಮಟ್ಟದಲ್ಲೇ ಉಳಿಯಿತು. ಇದೇ ಬಗೆಯ ಇನ್ನೊಂದು ಹನಿಯಾದ ಬೈಮ್ಯಾಟೊಪ್ರೋಸ್ಟ್ ಬೇಕೇ ಎಂದು ವೈದ್ಯರು ಕೇಳಿದ್ದರು. ರೆಪ್ಪೆಗೂದಲು ಉದ್ದವಾಗುವುದು, ಕಣ್ಣಿನ ಸುತ್ತ ಚರ್ಮ ಕಪ್ಪಾಗುವುದು ಅದರಲ್ಲಿ ಹೆಚ್ಚೆಂದು ತಿಳಿದು ಬೇಡವೆಂದೆ.

ಮನೆಯಲ್ಲಿ ಫ್ರಿಜ್ಜು ಇದ್ದು, ರಾತ್ರಿ ಮಲಗುವ ಹೊತ್ತು ಒಂದೇ ಸಮನಾಗಿದ್ದು, ತಿಂಗಳಿಗೆ 300 ರೂಪಾಯಿ ತೆಗೆದಿಡಬಲ್ಲವರಿಗೆ ಸಾಮಾನ್ಯ ಲ್ಯಾಟನೊಪ್ರೋಸ್ಟನ್ನೇ ಬರೆಯಬಹುದೇ ಎಂದು ವೈದ್ಯರನ್ನು ಕೇಳಿ ನೋಡುವಂತೆ ಹೇಳುತ್ತೇನೆ. ಅಷ್ಟೂ ಹೊರೆಯಾಗುವುದಾದರೆ, ಉಬ್ಬಸ ಮತ್ತು ಹೃದಯದ ತೊಂದರೆ ಇಲ್ಲದವರು ಟಿಮೊಲಾಲ್ ಬಗ್ಗೆ ವಿಚಾರಿಸಲಿ. ಹನಿಯನ್ನೇ ನಿಲ್ಲಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ನಮ್ಮಕ್ಕನ ಲೆಕ್ಕ ಬೇರೆ. ಸಂರಕ್ಷಕವಿರುವ ಹನಿಯಿಂದ ಅವಳ ಕಣ್ಣು ಕೆಂಪಾಗಿ ಉರಿಯುತ್ತಿದ್ದರಿಂದ ದುಬಾರಿ ಸೀಸೆಯನ್ನೇ ಬಳಸುತ್ತಾಳೆ. ರಾತ್ರಿ ಮಗಳು ಅದುಮಿ ಬಿಡುವುದರಿಂದ ಹನಿ ಪೋಲಾಗುವುದಿಲ್ಲ, ಸೀಸೆ ತಿಂಗಳು ಪೂರ್ತಿ ಬರುತ್ತದೆ.